ಹಳೇ ಲೈನಿನ ಓಟಗಾರ

ರೈಲು ನಿಂತು ಎಷ್ಟೋ ವರ್ಷಗಳ ಮೇಲೆ ಹಳಿ ಕಿತ್ತು, ಆ ದಾರಿಗೆ ಮಣ್ಣು ಹಾಸಿ ವಾಕಿಂಗಿಗೆ ಬಿಟ್ಟಿದ್ದರು. ಇವತ್ತು ಊರವರೆಲ್ಲ ಸೇರಿ ಅಲ್ಲಿ ಐದು ಕಿಲೋಮೀಟರ್ ಓಟ ಇಟ್ಟುಕೊಂಡಿದ್ದರು. ಓಟ ಮುಗಿಯುವುದು ಹಳೇ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ಮೇಲೆ.

ಗಂಡನ ಎದೆಗೆ ನಂಬರಿನ ಚೀಟಿ ಚುಚ್ಚುತ್ತಾ ಹೆಂಡತಿ ಅಂದಳು, “ಐವತ್ತೆಂಟು ತುಂಬಿದೆ ನಿಮಗೆ. ಬಿದ್ದುಗಿದ್ದು ಬಿಟ್ಟೀರಿ, ಹುಷಾರು.”

“ಕಾಲೇಜಿಗೆ ಮೂರು ವರ್ಷ ಇದೇ ಲೈನಲ್ಲಿ ಓಡಾಡಿದೋನು ಕಣೇ ನಾನು. ಇಲ್ಲಿ ನನ್ನನ್ನ ಹಿಡಿದೋರು ಇವತ್ತಿನವರೆಗೂ ಯಾರೂ ಇಲ್ಲ” ಎಂದ ಶಿವನಂಜಪ್ಪ.

ಹೇಳಿದಂತೆಯೇ ಮಾಡಿದ. ಕಾಲೇಜು ಹುಡುಗರನ್ನೆಲ್ಲ ಹಿಂದೆ ಹಾಕಿ, ಎಲ್ಲರಿಗಿಂತ ಮೊದಲು ಪ್ಲಾಟ್‌ಫಾರ್ಮ್ ಹತ್ತಿದ. ಜೀವಮಾನದಲ್ಲಿ ಒಂದು ಕಪ್ಪೂ ಗೆದ್ದವನಲ್ಲ. ರಿಬ್ಬನ್ನಿಗೆ ಇನ್ನು ಇಪ್ಪತ್ತೇ ಹೆಜ್ಜೆ. ಹೆಂಡತಿ ಎರಡೂ ಕೈ ಎತ್ತಿ ಕುಣಿಯುತ್ತಿದ್ದಳು.

ರಿಬ್ಬನ್ನಿನ ಆಚೆ, ಕಪ್ಪು ಕೋಟು ತೊಟ್ಟ ಮುಖ್ಯ ಅತಿಥಿ ಕಪ್ ಹಿಡಿದು ನಿಂತಿದ್ದರು. ಅವರನ್ನು ಕಂಡದ್ದೇ ತಡ, ಶಿವನಂಜಪ್ಪ ಗಕ್ಕನೆ ಎಡಕ್ಕೆ ತಿರುಗಿ, ಪ್ಲಾಟ್‌ಫಾರ್ಮಿನಿಂದ ಕೆಳಕ್ಕೆ ಧುಮುಕಿ, ಗೂಡ್ಸ್ ಶೆಡ್ಡಿನ ಹಿಂದಿನ ಬೇಲಿ ಹಾರಿ ಮಾಯವಾದ.

“ರೀ! ಈ ಕಡೆ ರೀ!” ಹೆಂಡತಿ ಕೂಗಿದಳು. “ಅಯ್ಯೋ, ಏನಾಯ್ತು ಸಾರ್ ಇವರಿಗೆ?”

ಆ ಲೈನಿನ ನಿವೃತ್ತ ಟಿಕೆಟ್ ಕಲೆಕ್ಟರು ಬೇಲಿಯ ಕಡೆಗೇ ನೋಡುತ್ತಾ ಕಪ್ಪನ್ನು ಕೆಳಗಿಟ್ಟರು. “ಈ ಸಲ ಎದೆ ಮೇಲೇ ಟಿಕೆಟ್ ಇತ್ತಲ್ಲಮ್ಮಾ, ಯಾಕೆ ಓಡಿಹೋದ?”