ಕೇಳದೆ ಇಟ್ಟ ಹಾಡುಗಳು

ತಮ್ಮಣ್ಣನವರನ್ನು ಮಣ್ಣು ಮಾಡಿದ ಮರುದಿನ ಮಧ್ಯಾಹ್ನ ಪ್ರಥಮೇಶ ತನ್ನ ಪಿಕಪ್ ಗಾಡಿಯನ್ನು ಬಿಳೂರಿನ ಆ ಮನೆಯ ಮುಂದೆ ನಿಲ್ಲಿಸಿ, ಚಪ್ಪಲಿ ಬಿಟ್ಟು ಒಳಗೆ ಬಂದ. ಪಡಸಾಲೆಯಲ್ಲಿ ಬೀಗರು, ನೆರೆಯವರು ಗೋಡೆಗೆ ಒರಗಿ ಕುಳಿತಿದ್ದರು. ಅವನೂ ಸದ್ದಿಲ್ಲದೆ ಒಂದು ಮೂಲೆಯಲ್ಲಿ ಕುಳಿತ. ಸತ್ತವರ ಮಗ ಕಲ್ಮೇಶ ಅವನನ್ನು ನೋಡಿ ಕಣ್ಣು ತಗ್ಗಿಸಿದ. ದೀಪಾವಳಿಯಿಂದ ಇಬ್ಬರಿಗೂ ಮಾತಿರಲಿಲ್ಲ.

ಮಾತು ಬಿಟ್ಟದ್ದು ಹೊಲಕ್ಕಲ್ಲ, ಹಣಕ್ಕಲ್ಲ, ಹೆವಿ ಮೆಟಲ್ ಹಾಡಿಗೆ. ಜತ್ತಿನ ಕಾಲೇಜಿನಲ್ಲಿದ್ದಾಗ ಇಬ್ಬರಿಗೂ ಹತ್ತಿದ ಹುಚ್ಚು ಅದು. ಸುತ್ತಲಿನ ಹಳ್ಳಿಗಳಲ್ಲಿ ಆ ಹುಚ್ಚಿಗೆ ಮೂರನೆಯವನು ಸಿಕ್ಕಿರಲಿಲ್ಲ. ಕಲ್ಮೇಶನಿಗೆ ಸ್ವೀಡನ್ನಿನ ಹಳೆಯ ತಂಡವೊಂದು ದೇವರು. ಯಳವಿ ಊರಿನ ಪ್ರಥಮೇಶನಿಗೆ ಮರಾಠಿಯಲ್ಲಿ ಹಾಡುವ ಪುಣೆಯ ಹುಡುಗರ ತಂಡವೆಂದರೆ ಜೀವ. ಎರಡೂ ತಂಡಗಳ ಹೊಸ ಆಲ್ಬಂ ಒಂದೇ ಶುಕ್ರವಾರ ಬರುತ್ತವೆಂಬ ಸುದ್ದಿ ಬಂದದ್ದೇ ತಡ, ಸಾಂಗಲಿ, ಕೊಲ್ಹಾಪುರದ ಕಡೆಯ ಅಭಿಮಾನಿಗಳ ವಾಟ್ಸಾಪ್ ಗುಂಪಿನಲ್ಲಿ ಯಾರದು ಹೆಚ್ಚು ಎಂಬ ವಾದ ಎದ್ದಿತು. ಪುಣೆಯವರ ಡ್ರಮ್ಮು ತಗಡಿನ ಡಬ್ಬಿ ಬಡಿದಂತೆ ಎಂದು ಕಲ್ಮೇಶ ಬರೆದ. ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಗಾಡಿ ಹೊಡೆಯುವವನ ಕಿವಿಗೆ ಅಷ್ಟೇ ಸಾಕು ಎಂದೂ ಸೇರಿಸಿದ. ಗುಂಪೆಲ್ಲ ನಕ್ಕಿತು. ಅಂದಿನಿಂದ ಪ್ರಥಮೇಶ ಮಾತು ಬಿಟ್ಟ.

ಆ ಶುಕ್ರವಾರ ಬೆಳಿಗ್ಗೆಯೇ, ಮನೆಯಲ್ಲೂ ಓಣಿಗೆ ಕೇಳುವಂತೆ ಒದರುತ್ತಿದ್ದ ತಮ್ಮಣ್ಣನವರು ತಮ್ಮ ಕಿರಾಣಿ ಅಂಗಡಿಯಲ್ಲಿ ಕುಳಿತವರು ಕುಳಿತಂತೆಯೇ ಹೋಗಿಬಿಟ್ಟರು. ಸಂಜೆ ಅಪ್ಪನನ್ನು ಕುಣಿಗೆ ಇಳಿಸುವಾಗ ಕಲ್ಮೇಶನ ಕಿಸೆಯಲ್ಲಿ ಮೊಬೈಲು ನಡುಗಿತ್ತು. ಆಲ್ಬಂ ಬಂತು ಎಂದು ಮನಸ್ಸು ತಾನಾಗಿಯೇ ಹೇಳಿತ್ತು. ಕೈಯಲ್ಲಿ ಹಿಡಿಮಣ್ಣು, ತಲೆಯಲ್ಲಿ ಗಿಟಾರು. ತನ್ನ ಮೇಲೆ ತನಗೇ ಹೇಸಿಗೆಯಾಗಿತ್ತು. ಇಂಥದ್ದನ್ನು ಯಾರ ಮುಂದೆ ಹೇಳುವುದು?

ಬಂದವರು ಚಹಾಕ್ಕೆಂದು ಹೊರಗೆ ಎದ್ದಾಗ ಪಡಸಾಲೆಯಲ್ಲಿ ಇಬ್ಬರೇ ಉಳಿದರು.

"ದಾಳಿಂಬ್ರಿ ತಗೊಂಡು ಮುಂಬೈ ಕಡೆ ವಾಶಿ ಮಾರ್ಕೆಟ್ಟಿಗೆ ಹೋಗಿದ್ದೆ," ಎಂದ ಪ್ರಥಮೇಶ. "ಹಾದ್ಯಾಗ ಸುದ್ದಿ ತಿಳೀತು. ಮಣ್ಣಿಗೆ ಬರಾಕ ಆಗಲಿಲ್ಲ."

"ಇರ್ಲಿ. ಈಗರ ಬಂದ್ಯಲ್ಲ." ಕಲ್ಮೇಶ ಚಾಪೆಯ ಎಳೆಯೊಂದನ್ನು ಕೀಳುತ್ತ ಕುಳಿತ. "ನಾ ಅವತ್ತ ಹಂಗ ಬರೀಬಾರ್ದಿತ್ತು."

"ಈಗ್ಯಾಕ ಅದು."

ಬಾಗಿಲ ಕಡೆ ಒಮ್ಮೆ ನೋಡಿ ಕಲ್ಮೇಶ ದನಿ ತಗ್ಗಿಸಿದ. "ಹೆಂಗ ಅದಾವ ಅವು?"

ಆ ಎರಡು ಆಲ್ಬಂ ಎಂದು ಪ್ರಥಮೇಶನಿಗೆ ಬಿಡಿಸಿ ಹೇಳಬೇಕಿರಲಿಲ್ಲ. "ಗೊತ್ತಿಲ್ಲ," ಎಂದ.

"ಸುಳ್ಳ ಹೇಳಬ್ಯಾಡ. ಹೋಗೂದು ಬರೂದು ಅಷ್ಟು ದೂರದ ಹಾದಿ. ಕೇಳದ ಬಿಟ್ಟಿರ್ತೀಯೇನು?"

"ಬಿಟ್ಟೀನಿ. ಗುಂಪಿನಿಂದನೂ ಹೊರಗ ಬಂದೀನಿ, ಯಾರರ ಏನರ ಹೇಳಿಬಿಟ್ಟಾರಂತ."

"ಯಾಕ?"

"ನೀ ಕೇಳಿಲ್ಲಲ್ಲ."

ಅಲ್ಲಿಯವರೆಗೆ ಕಣ್ಣಲ್ಲಿ ಹನಿ ಬಾರದಿದ್ದ ಕಲ್ಮೇಶ ಹೆಗಲ ಮೇಲಿನ ಟವೆಲು ಮುಖಕ್ಕೆ ಒತ್ತಿಕೊಂಡ. ತಿರುಗಿ ಒಳಗೆ ಬಂದವರು, ಅಪ್ಪನ ನೆನಪಾಯಿತು ಪಾಪ ಎಂದುಕೊಂಡರು. ಅದೂ ಸುಳ್ಳಲ್ಲ.

ದಿವಸದ ಕಾರ್ಯ ಮುಗಿಯುವವರೆಗೆ ಹಾಡು ಹಚ್ಚುವುದು ಬೇಡವೆಂದು ಇಬ್ಬರೂ ನಿಶ್ಚಯಿಸಿದರು. ಆದರೆ ಪ್ರಥಮೇಶ ಆ ಕಡೆ ಗಾಡಿ ಬಂದಾಗಲೆಲ್ಲ ಅಂಗಡಿಗೆ ಬಂದು ಅಕ್ಕಿ ಚೀಲದ ಮೇಲೆ ಕೂರುತ್ತಿದ್ದ. ಮುಖಪುಟದ ಚಿತ್ರ, ಹಾಡುಗಳ ಹೆಸರು, ಉದ್ದ, ಇಷ್ಟನ್ನೇ ಇಟ್ಟುಕೊಂಡು ಕೇಳದ ಆಲ್ಬಂಗಳನ್ನು ಒಂದಕ್ಕೊಂದು ತೂಗಿ ನೋಡುತ್ತಿದ್ದರು.

"ಸ್ವೀಡನ್ನದವರು ಕಡೀ ಹಾಡು ಹದಿನೆಂಟು ನಿಮಿಷ ಮಾಡ್ಯಾರ, ನೋಡಿಯೇನು?" ಎಂದ ಕಲ್ಮೇಶ.

"ಅಷ್ಟರಾಗ ನಾ ಬಿಳೂರಿಂದ ಜತ್ತ ಮುಟ್ಟತೀನಿ."

ಕಲ್ಮೇಶ ನಕ್ಕುಬಿಟ್ಟ. ನಕ್ಕ ಮೇಲೆ ಯಾರಾದರೂ ನೋಡಿದರೇ ಎಂದು ಬೀದಿಯತ್ತ ಕಣ್ಣು ಹಾಯಿಸಿದ.

ಕಾರ್ಯ ಮುಗಿದು ಬೀಗರೆಲ್ಲ ಊರು ಸೇರಿದ ಮೇಲೆ, ಒಂದು ಸಂಜೆ ಇಬ್ಬರೂ ಒಳಗಿನ ಕೋಣೆಯಲ್ಲಿ ಸ್ಪೀಕರ್ ನಡುವೆ ಇಟ್ಟುಕೊಂಡು ಕುಳಿತರು. ಮೊದಲು ಯಾರದು ಎಂಬುದಕ್ಕೂ ತಕರಾರಾಯಿತು. ಈ ಸಲ ತಕರಾರು ತಿರುಗುಮುರುಗು.

"ನಿಮ್ಮವರದ ಹಚ್ಚು ಮೊದಲ," ಎಂದ ಕಲ್ಮೇಶ.

"ಏ, ನಿನ್ನ ದೇವರ ಇರ್ಲಿ ಮೊದಲ."

ಕಲ್ಮೇಶ ಮಾತು ಬೆಳೆಸದೆ ಪುಣೆಯವರ ಆಲ್ಬಂ ಒತ್ತಿದ. ಅಡುಗೆಮನೆಯಲ್ಲಿ ಅವ್ವ ಇಂದ್ರಾಬಾಯಿ ರೊಟ್ಟಿ ಬಡಿಯುತ್ತಿದ್ದಳು. ಅವಳಿಗೆ ಕೇಳಿಸಬಾರದೆಂದು ಸದ್ದನ್ನು ಪೂರಾ ಇಳಿಸಿ, ಇಬ್ಬರೂ ಸ್ಪೀಕರಿಗೆ ಕಿವಿ ಹಚ್ಚಿದರು. ಗಿಟಾರು ಗುರುಗುಟ್ಟಿತು. ಡ್ರಮ್ಮು ಸೇರಿಕೊಂಡಿತು. ಹಾಡುವವನು ಹೊಟ್ಟೆಯಿಂದ ದನಿ ಎತ್ತಿದ.

"ಡ್ರಮ್ಮು ಚಲೋ ಬಾರ್ಸ್ಯಾನಲೇ," ಎಂದು ಕಲ್ಮೇಶ ಪಿಸುಗುಟ್ಟಿದ. ಪ್ರಥಮೇಶನ ಮುಖ ಹಿಗ್ಗಿತು.

ರೊಟ್ಟಿಯ ಸದ್ದು ನಿಂತದ್ದು ಇಬ್ಬರಿಗೂ ತಿಳಿಯಲಿಲ್ಲ. ತಲೆ ಎತ್ತಿದಾಗ ಇಂದ್ರಾಬಾಯಿ ಹಿಟ್ಟಿನ ಕೈಯಲ್ಲೇ ಬಾಗಿಲಲ್ಲಿ ನಿಂತಿದ್ದಳು. ಕಲ್ಮೇಶ ಗಡಬಡಿಸಿ ಹಾಡು ನಿಲ್ಲಿಸಿದ.

"ಯಾಕ ಬಂದ್ ಮಾಡಿದ್ರಿ?"

"ನಿನಗ ತ್ರಾಸ ಆಗ್ತದಂತ, ಅವ್ವ."

ಅವಳು ಸ್ಪೀಕರನ್ನು ನೋಡಿದಳು, ಮಗನನ್ನು ನೋಡಿದಳು.

"ಹಚ್ರಿ," ಎಂದಳು. "ದೊಡ್ಡದು ಮಾಡಿ ಹಚ್ರಿ. ಅವರು ಹೋದಾಗಿಂದ ಈ ಮನ್ಯಾಗ ಒದರಾವ್ರ ಯಾರೂ ಇಲ್ಲ."