ಕೂಸು ಬೇಡವೆಂದ ಮುಖ

ಕೂಸಿನ ಜವಳದ ಊಟ ಇನ್ನೂ ನಡೆದಿರುವಾಗಲೇ ಶೈಲವ್ವ ಕೂಸನ್ನು ಎತ್ತಿಕೊಂಡು ದಾವಲಸಾಬನ ಸ್ಟುಡಿಯೋಗೆ ಓಡಿಬಂದಳು. ಗದಗಿನ ಆ ಓಣಿಯವರೆಲ್ಲ ಕಾರ್ಯಗಳಿಗೆ ಮುಖ ತಿದ್ದಿಸಿಕೊಳ್ಳುತ್ತಿದ್ದುದು ಅವನ ಹತ್ತಿರವೇ. ಕಂಪ್ಯೂಟರಿನ ಪರದೆಯ ಮೇಲೆ ಅವನು ಫೋಟೋ ತಿದ್ದಿದಂತೆ ಕುರ್ಚಿಯಲ್ಲಿ ಕೂತವರ ಮುಖವೂ ಬದಲಾಗುತ್ತಿತ್ತು.

ಬೆಳಿಗ್ಗೆ ಅವಳೂ ಕೆನ್ನೆಯ ಮೇಲಿನ ಹಳೇ ಗಾಯದ ಕುಳಿ ಮುಚ್ಚಿಸಿ, ಕಣ್ಣು ಮೂಗು ಶಾರ್ಪ್ ಮಾಡಿಸಿಕೊಂಡು ಹೋಗಿದ್ದಳು. ಊಟದ ಹೊತ್ತಿಗೆ ಹಸಿದ ಕೂಸು ಆ ಮುಖ ನೋಡಿ ಕಿಟಾರನೆ ಕಿರುಚಿತ್ತು. ಎದೆಗೆ ಬಾಯಿಯನ್ನೇ ಇಟ್ಟಿರಲಿಲ್ಲ.

“ನನ್ನ ಮೊದಲಿನ ಮುಖಾ ಅಳಿಸೇ ಬಿಟ್ಟೀಯೇನ ಅಣ್ಣಾ?” ಅವಳು ಬಾಗಿಲಲ್ಲೇ ಕೇಳಿದಳು. ಬೇರೆಲ್ಲೋ ಒಬ್ಬ ಸ್ಟುಡಿಯೋದವ ಮೂಲ ಮುಖದ ಮೇಲೇ ಕೈಯಾಡಿಸಿ, ಯಾರದೋ ಸೊಸೆಗೆ ತನ್ನ ನಗುವೇ ವಾಪಸು ಸಿಗದೆ ಹೋದ ಸುದ್ದಿ ಅವಳಿಗೂ ಗೊತ್ತಿತ್ತು.

“ನಾ ಮೂಲ ಮುಖಾ ಮುಟ್ಟಂಗೇ ಇಲ್ಲವ್ವಾ. ತಿದ್ದೋದೇನಿದ್ರೂ ಮ್ಯಾಲ ಹೊದಿಸಿದ ಪದರದಾಗ, ಲೇಯರಿನಾಗ. ಕೂಡು.”

ದಾವಲಸಾಬ ಮೇಲಿನ ಎರಡು ಲೇಯರ್‌ಗಳನ್ನು ಮರೆಮಾಡಿದ. ಮೊದಲು ಶಾರ್ಪ್ ಹೋಯಿತು, ಆಮೇಲೆ ನುಣುಪು. ಕೆನ್ನೆ ಚುರುಗುಟ್ಟಿ ಕುಳಿ ಮತ್ತೆ ಮೂಡಿತು.

ಕೂಸು ಬಿಕ್ಕುತ್ತಲೇ ಅವಳನ್ನು ದಿಟ್ಟಿಸಿ, ಸೆರಗಿನೊಳಗೆ ಮುಖ ಹುದುಗಿಸಿತು. ಶೈಲವ್ವನಿಗೆ ಹೋದ ಜೀವ ಬಂದಂತಾಯಿತು.

“ಆ ಲೇಯರ್ ತಗದು ಒಗೀಲೇನು?”

“ಏ, ಇರ್ಲಿ ಬಿಡಣ್ಣಾ. ಮುಂದಿನ ತಿಂಗಳ ತಂಗಿ ಮದುವಿ ಐತಿ. ಕೂಸು ಮಲ್ಕೊಂಡಾಗ ಹಾಕ್ಕೊಂತೀನಿ.”

ಹಾಲು ಕುಡಿಯುತ್ತಲೇ ಕೂಸು ಕೈ ಚಾಚಿ, ದಿನದಂತೆ ತನ್ನ ಪುಟ್ಟ ಬೆರಳನ್ನು ಆ ಕುಳಿಯೊಳಗೆ ಇಟ್ಟು ಕಣ್ಣು ಮುಚ್ಚಿತು.