ಹೊಟ್ಟೆಯ ಅಳತೆ

“ಸಾಕು” ಎಂದ ವೆಂಕಟರಮಣ.

ಮೂಕಾಂಬಿಕಾಳ ಕೈಯಲ್ಲಿದ್ದ ಸೇರು ಅಕ್ಕಿ ಮೂಟೆಯ ಬಾಯಲ್ಲೇ ನಿಂತಿತು.

“ಇಷ್ಟೇಯಾ? ಮುನ್ನೂರು ಎಲೆ ಅಂತ ಹೇಳಿದಾರೆ.”

“ಹೇಳ್ಲಿ. ಈಗಿನ ಜನ ಎಲ್ಲಿ ಉಣ್ತಾರೆ ಮಾರಾಯ್ತಿ. ಎಲೆ ಮುಂದೆ ಕೂತು ಎದ್ದು ಹೋಗ್ತಾರೆ, ಅಷ್ಟೆ.”

ಅವಳು ಗಂಡನ ಮುಖವನ್ನೊಮ್ಮೆ ನೋಡಿ, ಸೆರಗು ಸಿಕ್ಕಿಸಿಕೊಂಡು ಒಲೆಯ ಕಡೆ ಹೋದಳು.

ಅಡುಗೆಭಟ್ಟ ವೆಂಕಟರಮಣ ಅಕ್ಕಿ ಅಳೆಸುವ ರೀತಿ ನರಸಿಂಹರಾಜಪುರದ ಸುತ್ತಮುತ್ತ ಎಲ್ಲರಿಗೂ ಗೊತ್ತಿದ್ದದ್ದೇ. ಸಮಾರಂಭದ ದಿನ ಬೆಳಿಗ್ಗೆ ಕಾಫಿಯನ್ನೂ ಕುಡಿಯದೆ ಮೂಟೆಯ ಮುಂದೆ ನಿಲ್ಲುತ್ತಿದ್ದ. ಹೆಂಡತಿ ಸೇರಿನಲ್ಲಿ ತುಂಬಿ ಹಾಕುತ್ತಾ ಹೋಗಬೇಕು. ತನ್ನ ಹೊಟ್ಟೆ ಹೇಳಿದಾಗ ಅವನು ‘ಸಾಕು’ ಎನ್ನಬೇಕು. ಎಲೆಯ ಲೆಕ್ಕ ಯಾರು ಬೇಕಾದರೂ ಹಾಕಬಹುದು, ಆದರೆ ಚಳಿ ಬಿದ್ದ ದಿನ ಜನ ಎಷ್ಟು ಉಣ್ಣುತ್ತಾರೆ, ಮುಹೂರ್ತ ತಡವಾದರೆ ಎಷ್ಟು ಉಣ್ಣುತ್ತಾರೆ ಎನ್ನುವುದು ಹಸಿದ ಹೊಟ್ಟೆಗೆ ಮಾತ್ರ ತಿಳಿಯುತ್ತದೆ ಎಂಬುದು ಅವನ ಸಿದ್ಧಾಂತ. ಆ ಹೊಟ್ಟೆ ಒಮ್ಮೆಯೂ ಸುಳ್ಳು ಹೇಳಿರಲಿಲ್ಲ. ವರ್ಷದಿಂದ ವರ್ಷಕ್ಕೆ ಬೆಳೆದಿತ್ತು, ಅದೊಂದೇ ಅದರ ತಪ್ಪು.

ಐವತ್ತು ದಾಟುವಾಗ ಆ ಹೊಟ್ಟೆಯನ್ನು ಹೊತ್ತು ಮಂಡಿಗಳು ಸೋತವು. ಶಿವಮೊಗ್ಗದ ಡಾಕ್ಟರು ಹಸಿವೆ ಅಡಗಿಸುವ ಮಾತ್ರೆ ಬರೆದುಕೊಟ್ಟರು, ದಿನಾ ಬೆಳಿಗ್ಗೆ ಒಂದು. ಬಾಯಿ ಒಣಗುತ್ತಿತ್ತು, ಹೋದಲ್ಲೆಲ್ಲ ನೀರಿನ ಬಾಟಲಿ ಹೊರಬೇಕಿತ್ತು. ಆದರೂ ಬೇಸಿಗೆ ಕಳೆಯುವಷ್ಟರಲ್ಲಿ ಪಂಚೆಯ ಮೇಲಿನ ಬೆಲ್ಟಿಗೆ ಹೊಸ ತೂತು ಹೊಡೆಸಿದ. ಬಸ್ ಸ್ಟ್ಯಾಂಡಿನ ತೂಕದ ಮಿಷನ್ನು ಉಗುಳಿದ ಚೀಟಿಗಳನ್ನು ಕೇಳದವರಿಗೂ ತೋರಿಸುತ್ತಿದ್ದ. ಇವತ್ತಿನ ಉಪನಯನದ ಮನೆಯ ಹಿರಿಯಾಕೆ ವಸಂತಮ್ಮ ಮಾತ್ರ ಬೆಳಿಗ್ಗೆಯೇ ಚುಚ್ಚಿದ್ದರು: “ಎಂತ ಭಟ್ರೇ, ನಿಮ್ಮ ಅಡುಗೆ ನಿಮಗೇ ಸೇರ್ತಿಲ್ವಾ?” ಮುಂದಿನ ತಿಂಗಳು ಕೊಪ್ಪದಲ್ಲಿ ಅವರ ಮೊಮ್ಮಗಳು ನಿಶ್ಚಿತಾಳ ಮದುವೆ. ಅದರ ಅಡುಗೆ ಯಾರಿಗೆ ಎಂಬುದನ್ನು ಇವತ್ತಿನ ಊಟ ನೋಡಿ ಹೇಳುತ್ತೇನೆ ಎಂದಿದ್ದರು. ವೆಂಕಟರಮಣನಿಗೆ ಆ ಮದುವೆ ಬೇಕೇ ಬೇಕಿತ್ತು.

ಮೊದಲ ಪಂಕ್ತಿಯವರು ಕೂತು ಎದ್ದು ಹೋಗಲಿಲ್ಲ, ಉಂಡರು. ಎರಡನೇ ಪಂಕ್ತಿಗೆ ಸಾರಿನ ಅನ್ನ ಬಡಿಸುವಾಗ ಸೌಟು ಪಾತ್ರೆಯ ತಳಕ್ಕೆ ತಾಗಿ ಟಣ್ ಎಂದಿತು. ಸಾರಿನ ಅನ್ನಕ್ಕೇ ಹೀಗಾದರೆ ಹುಳಿಗೆ ಏನು, ಮಜ್ಜಿಗೆಗೆ ಏನು? ವೆಂಕಟರಮಣ ಅಡುಗೆಮನೆಗೆ ಓಡಿದ.

“ಇವಳೇ, ಅನ್ನ ಮುಗೀತು. ನನ್ನ ಮರ್ಯಾದೆ ಹೋಯ್ತು.”

ಮೂಕಾಂಬಿಕಾ ತಿರುಗಿಯೂ ನೋಡಲಿಲ್ಲ. ಹಿಂದಿನ ಒಲೆಯ ಮೇಲೆ ಇನ್ನೊಂದು ಪಾತ್ರೆಯಲ್ಲಿ ಅನ್ನ ಕೊತಕೊತ ಕುದಿಯುತ್ತಿತ್ತು.

“ಮೊದಲ್ನೇ ಪಂಕ್ತಿ ಏಳುವಾಗ್ಲೇ ಎಸರಿಗೆ ಅಕ್ಕಿ ಹಾಕಿದೀನಿ. ಬೇಯೋವರೆಗೆ ಹೇಗಾದ್ರೂ ಸುಧಾರಿಸಿ.”

“ಸಾಲೋದಿಲ್ಲ ಅಂತ ನಿಂಗೆ ಹೇಗೆ ಗೊತ್ತಾಯ್ತು?”

“ಮಾತ್ರೆ ನುಂಗಿದ್ದು ನೀವು. ಊರಿನವರೆಲ್ಲ ನುಂಗಿದಾರಾ?”

ವೆಂಕಟರಮಣ ಹೋಳಿಗೆಯ ಬುಟ್ಟಿ ಎತ್ತಿಕೊಂಡು ಪಂಕ್ತಿಗೆ ಬಂದ. “ಇದೆಂತ ಊಟ, ಒಂದು ಶ್ಲೋಕ ಇಲ್ಲದೆ” ಎಂದು ಪುರೋಹಿತರನ್ನು ಕೆಣಕಿದ. ಅವರು ಒಂದು ಹೇಳಿದರು. ನಾವೇನು ಕಮ್ಮಿ ಎಂದು ಎದುರು ಸಾಲಿನವರು ಒಂದು ಹೇಳಿದರು. ಮುತ್ತಿನಕೊಪ್ಪದಿಂದ ಬಂದಿದ್ದ ಬೀಗರೊಬ್ಬರು ಕಣ್ಣು ಮುಚ್ಚಿ ಶುರು ಮಾಡಿದ್ದು ಮುಗಿಯುವ ಲಕ್ಷಣವೇ ಕಾಣಲಿಲ್ಲ. ವೆಂಕಟರಮಣ ಮನಸ್ಸಿನಲ್ಲೇ ಅವರಿಗೆ ಕೈಮುಗಿದ. ಶ್ಲೋಕಕ್ಕೊಂದು ಹೋಳಿಗೆ, ಹೋಳಿಗೆಗೊಂದು ಮಿಳ್ಳೆ ತುಪ್ಪ. ಬೇಡ ಎಂದು ಎಲೆಗೆ ಕೈ ಅಡ್ಡ ಹಿಡಿದವರ ಬೆರಳ ಸಂದಿಯಲ್ಲೂ ಬಡಿಸಿದ. ಅಷ್ಟರಲ್ಲಿ ಹಬೆಯಾಡುವ ಅನ್ನ ಬಂತು. ಯಾರಿಗೂ ಏನೂ ಗೊತ್ತಾಗಲಿಲ್ಲ.

ಕೈ ತೊಳೆದು ಬಂದ ವಸಂತಮ್ಮ ಅವನನ್ನು ಕರೆದರು. “ಮೊದಲ್ನೇ ಪಂಕ್ತಿಗೆ ಇಲ್ಲದ ಉಪಚಾರ ಎರಡನೇದಕ್ಕೆ. ಕೊಪ್ಪದ ಮದುವೆ ನಿಮಗೇ ಭಟ್ರೇ. ಆದ್ರೆ ಅಲ್ಲಿ ಎಲ್ಲಾ ಪಂಕ್ತಿಗೂ ಹೀಗೇ ಆಗ್ಬೇಕು ಮತ್ತೆ.”

ಎಲ್ಲರದೂ ಮುಗಿದ ಮೇಲೆ ಅಡುಗೆಯವರ ಸರದಿ. ಯಾವಾಗಲೂ ಬೆವರು ಒರೆಸಿಕೊಂಡು ಮೊದಲು ಕೂರುತ್ತಿದ್ದವನು ವೆಂಕಟರಮಣ. ಅವನಿಗೆ ಬಡಿಸಿ, ತಳದಲ್ಲಿ ಉಳಿದದ್ದನ್ನು ಮೂಕಾಂಬಿಕಾ ಉಣ್ಣುತ್ತಿದ್ದಳು. ಇವತ್ತು ಅವನು ಒಂದೇ ಎಲೆ ಹಾಕಿ, “ಕೂತ್ಕೋ” ಎಂದ.

“ನೀವು ಉಣ್ಣಿ ಮೊದಲು.”

“ನಂಗೆ ಹಸಿವೇ ಇಲ್ಲ ಮಾರಾಯ್ತಿ. ನಿಂಗೆ?”

“ನಿನ್ನೆ ಮಧ್ಯಾಹ್ನ ಉಂಡದ್ದು. ಕೆಲಸದ ಗಡಿಬಿಡೀಲಿ ಯಾವ ಸಮಾರಂಭಕ್ಕೂ ನಂದು ಹಾಗೇ. ಅಕ್ಕಿ ಎಷ್ಟು ಬೇಕು ಅಂತ ನನ್ನ ಹೊಟ್ಟೆಗೂ ಗೊತ್ತಾಗ್ತದೆ. ನೀವು ಯಾವತ್ತೂ ಕೇಳಿಲ್ಲ, ಅಷ್ಟೆ.”

ವೆಂಕಟರಮಣನಿಗೆ ನಾಚಿಕೆಯಾಯಿತು. ಊರಿನವರ ಹಸಿವೆಯನ್ನೆಲ್ಲ ಅಳೆದವನಿಗೆ ಪಕ್ಕದಲ್ಲಿ ಸೇರು ಹಿಡಿದು ನಿಂತವಳ ಹಸಿವೆ ಕಂಡಿರಲಿಲ್ಲ. ಅವಳನ್ನು ಎಲೆಗೆ ಕೂರಿಸಿ, ಎದುರಿಗೆ ಕುಕ್ಕರಗಾಲಿನಲ್ಲಿ ಕೂತ. ಮಂಡಿ ಈಗ ತಕರಾರು ಮಾಡಲಿಲ್ಲ. ಅನ್ನ ಹಾಕಿದ, ಸಾರು ಬಿಟ್ಟ, ಹೋಳಿಗೆಯ ಮೇಲೆ ತುಪ್ಪ ಸುರಿದ. “ಸಾಕಾ?” ಎಂದು ಕೇಳಿದಾಗಲೆಲ್ಲ ಅವಳು “ಹಾಕಿ” ಎಂದಳು. ಅವನು ಹಾಕಿದ.

ಕೊನೆಯ ಹೋಳಿಗೆಯನ್ನು ಮಡಚುತ್ತಾ ಮೂಕಾಂಬಿಕಾ ಗಂಡನ ಕಡೆ ನೋಡಿ ನಕ್ಕಳು.

“ಈ ಮಾತ್ರೇನ ನೀವು ನಮ್ಮ ಮದುವೆ ಆದ ವರ್ಷವೇ ಶುರು ಮಾಡ್ಬೇಕಿತ್ತು.”